ಎಡಕ್ಕೆ ಬಿದ್ದ ಹೂವು

ಟಿಕ್ ಎಂದಿತು. ಒದ್ದೆ ಬಟ್ಟೆ ಹಿಂಡುತ್ತಿದ್ದ ನಾಗರತ್ನ ಕೈ ನಿಲ್ಲಿಸಿ ಮುಂದಿನ ಸದ್ದಿಗೆ ಕಾದಳು.

ಮಾವ ಮಗ್ಗುಲಾಗಿ ಮಲಗಿದ್ದರು. ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಒಂದೊಂದು ಉಸಿರಿಗೂ ಕಬ್ಬಿಣದ ಮಂಚದ ಪಟ್ಟಿಗೆ ತಾಗುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಹನ್ನೊಂದು ರಾತ್ರಿ ಅವಳು ಈ ಸದ್ದಿನ ಪಕ್ಕದಲ್ಲೇ ಕೂತಿದ್ದಳು. ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂಬುದು ಅವಳ ಮೈಗೇ ಗೊತ್ತಾಗಿಬಿಟ್ಟಿತ್ತು. ಈಗ ಅದು ಬರಬೇಕಾದ ಹೊತ್ತು ಕಳೆಯಿತು. ಇನ್ನೊಂದು ಅಷ್ಟೇ ಹೊತ್ತು ಕಳೆಯಿತು. ಬಟ್ಟೆಯ ನೀರು ಅವಳ ಮೊಣಕೈಯವರೆಗೆ ಇಳಿದು ಸೀರೆಗೆ ತೊಟ್ಟಿಕ್ಕಿತು.

ಹೊರಗೆ ಜಗಲಿಯ ಮೇಲೆ ಗಂಡ ಮಲ್ಲೇಶ್ ನಿದ್ದೆಯಿಲ್ಲದೆ ಕೂತಿದ್ದ. ಒಂದು ಸಲ ಕರೆದರೆ ಸಾಕಿತ್ತು. ಅವಳು ಕರೆಯಲಿಲ್ಲ. ಮೊದಲು ಬಂದ ಯೋಚನೆ, ಇನ್ನು ನಾಲ್ಕು ಗಂಟೆಗೊಮ್ಮೆ ಇವರನ್ನು ಮಗ್ಗುಲು ಬದಲಿಸುವ ಕೆಲಸವಿಲ್ಲ ಎಂಬುದು. ಅದರ ಹಿಂದೆಯೇ ಇನ್ನೊಂದು ಬಂದು ಅವಳ ಪಕ್ಕದಲ್ಲಿ ಕೂತಿತು: ಇದು ನಾನು ಮಾಡಿದ್ದು.

ಆಮೇಲೆ ಕರೆದಳು.

*

ಬೆಳಗಾಗುವಷ್ಟರಲ್ಲಿ ಶಿವರುದ್ರಸ್ವಾಮಿಯವರನ್ನು ಮೀಯಿಸಿ, ಹಣೆಗೂ ತೋಳಿಗೂ ವಿಭೂತಿ ಬಳಿದು, ಪಡಸಾಲೆಯ ಗೋಡೆಗೆ ಒರಗಿಸಿ ಕಾಲು ಮಡಿಸಿ ಕೂರಿಸಿದ್ದರು. ಬಾಯಿ ತೆರೆಯದಂತೆ ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿತ್ತು. ಗುಂಡ್ಲುಪೇಟೆಯಿಂದ ಎಂಟು ಕಿಲೋಮೀಟರ್ ಒಳಗಿದ್ದ ಆ ಊರಿನ ಮಾದಪ್ಪನ ಗುಡಿಗೆ ಐವತ್ತೊಂದು ವರ್ಷ ಅವರೇ ತಮ್ಮಡಿ, ಅವರದೇ ಪೂಜೆ. ಪರಸ್ಥಳದವರು ಆ ಗುಡಿಗೆ ಬರುತ್ತಿದ್ದುದು ಹೂ ಕೇಳುವುದಕ್ಕೆ. ಮಾದಪ್ಪನ ಕಲ್ಲಿನ ಬಲಕ್ಕೊಂದು ಎಡಕ್ಕೊಂದು ಒದ್ದೆ ಕಣಗಿಲೆ ಹೂವನ್ನು ಅಂಟಿಸಿ, ಕೇಳುವುದನ್ನು ಕೇಳಿ ಕಾಯಬೇಕು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಬೋರು ಕೊರೆಸುವವರು, ಹೆಣ್ಣು ಕೊಡುವವರು, ಕೇರಳಕ್ಕೆ ಶುಂಠಿ ಕೆಲಸಕ್ಕೆ ಹೋಗುವವರು, ಯಾರಿಗೆ ಏನೇ ತೋಚದಿದ್ದರೂ ಅಲ್ಲಿಗೆ ಬರುತ್ತಿದ್ದರು.

ಉಮ್ಮತ್ತೂರಿನಿಂದ ಮೊದಲ ಬಸ್ಸಿಗೆ ಹೊರಟು ಬಂದ ತಂಗಿ ಚಿಕ್ಕಮಲ್ಲಮ್ಮ ಬಾಗಿಲಲ್ಲೇ ಚಪ್ಪಲಿ ಒದರಿ ಅಣ್ಣನ ಮುಂದೆ ಕುಕ್ಕರಿಸಿದಳು.

"ನಾ ಮೊದ್ಲು ಓಯ್ತೀನಿ ಅಂತ ಹೇಳಿರ್ನಿಲ್ವ? ಇದ್ರಲ್ಲೂ ನುಗ್ಗಿ ಮುಂದಕ್ಕೋಗ್ಬುಟ್ಯಲ್ಲಾ ಅಣ್ಣ." ಮೂಗು ಒರೆಸಿಕೊಂಡು ಸುತ್ತ ಇದ್ದ ಹೆಂಗಸರತ್ತ ತಿರುಗಿದಳು. "ಓತಿಕ್ಯಾತ ಕಂಡ್ರೆ ಗುಡಿ ಬಾಗ್ಲ ಬುಟ್ಟು ಓಡ್ಬತ್ತಿದ್ದ ಕಣ್ರವ್ವಾ ಇಂವ. ಇವನ್ಗೆ ಪೂಜೆ ಕೊಟ್ಬುಟ್ಟು ನಮ್ಮಪ್ಪ ಸತ್ತ." ಹೆಂಗಸರು ಅಳುವಿನ ನಡುವೆ ನಕ್ಕರು. ಚಿಕ್ಕಮಲ್ಲಮ್ಮ ಕೈ ಚಾಚಿ ಅಣ್ಣನ ಗದ್ದದ ಬಟ್ಟೆಯನ್ನು ಸಡಿಲಿಸಲು ನೋಡಿದಳು. "ಯಾಕ ಮಗ ನಾಗು, ಇಷ್ಟು ಬಿಗ್ಯಾಗಿ ಬಿಗಿದಿದ್ದೀಯ? ಇನ್ನೇನು ಮಾತಾಡ್ಬುಟ್ಟಾನು ಅಂತ ಭಯವಾ?"

"ಇಲ್ಲ ಅತ್ತೆ," ಎಂದಳು ನಾಗರತ್ನ. ವಿಭೂತಿ ತಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಯಾರಿಗಾದರೂ ಏನಾದರೂ ಗೊತ್ತಾಯಿತೇ ಎಂದು ಒಬ್ಬೊಬ್ಬರ ಮುಖವನ್ನೂ ಹುಡುಕಿದಳು.

ಕಂಬಕ್ಕೆ ಒರಗಿ ಕೂತಿದ್ದ ಹುಚ್ಚಯ್ಯ ಗಂಟಲು ಸರಿಮಾಡಿಕೊಂಡ. ಎಪ್ಪತ್ತರ ಮುದುಕ, ಮೂರು ಮನೆಯಾಚೆಯವನು. "ಮಾದಪ್ಪ ಎಡಕ್ಕೆ ಕೊಟ್ಟ ಮ್ಯಾಲೆ ಮುಗೀತು ಬುಡಿ. ಆಪ್ರೇಸನ್ನು ಅಂತ ತಲ ಕುಯ್ಸ್ಕಂಡು ಆಸ್ಪತ್ರೆಲಿ ಓಗದು ಬೇಕಿತ್ತಾ? ತನ್ನ ತಮ್ಮಡಿಯ ತಾನೇ ಕರಸ್ಕಂಡ."

"ನಂಗೂ ಎಡಕ್ಕೇ ಕೊಟ್ಟಿದ್ದು," ಎಂದಳು ಬಾಗಿಲ ಹತ್ತಿರ ನಿಂತಿದ್ದ ಬಸವಮ್ಮ. ಅವಳು ಪಕ್ಕದೂರಿನವಳು, ಕೂಲಿ ಮಾಡಿ ಮಗನನ್ನು ಬಸ್ ಡ್ರೈವರ್ ಮಾಡಿದವಳು. "ಗಂಡನ ಮನೇಗೆ ವಾಪಸ್ ಓಗ್ಲಾ ಅಂತ ಕೇಳ್ದೆ. ಬ್ಯಾಡ ಅಂದ. ಓಗಿದ್ರೆ ಇವತ್ತು ನನ್ನ ಮಣ್ಣೂ ಇರ್ತಿರ್ನಿಲ್ಲ. ನನ್ನ ಉಳಸ್ದೋನು ಮಾದಪ್ಪ. ತಮ್ಮಡಿಯೋರು ಬರೀ ಹೂ ಮುಡಿಸುದ್ರು ಅಷ್ಟೆ."

ಬರೀ ಹೂ ಮುಡಿಸಿದರು. ನಾಗರತ್ನ ತಟ್ಟೆಯನ್ನು ನೆಲಕ್ಕಿಟ್ಟಳು.

*

ಬಸವಮ್ಮ ತಾಯಿಯ ಜತೆ ಹೂ ಕೇಳಲು ಬಂದಾಗ ನಾಗರತ್ನ ಈ ಮನೆಗೆ ಬಂದು ಆರು ತಿಂಗಳಾಗಿತ್ತು. ಬಿ.ಎ. ಓದಿದ ಸೊಸೆಗೆ ಮಾವ ಕೊಟ್ಟ ಮೊದಲ ಕೆಲಸ ಗುಡಿಗೆ ಹೂ ಅಣಿಮಾಡುವುದು. ಹಿತ್ತಿಲಿನ ಕಣಗಿಲೆಯಿಂದ ಒಂದೇ ಗಾತ್ರದ ಎರಡು ಹೂ ಕಿತ್ತು, ತೊಟ್ಟನ್ನು ಬುಡದವರೆಗೆ ಉಗುರಿನಿಂದ ಚಿವುಟಿ, ನೀರಲ್ಲಿ ಅದ್ದಿ ತಟ್ಟೆಯಲ್ಲಿಡಬೇಕು. ಆ ದಿನ ಮಾವ ತಟ್ಟೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದರು. ಒಂದು ಹೂವನ್ನು ಎಸೆದು, ಗಿಡದಿಂದ ಬೇರೊಂದು ಕಿತ್ತರು. ಅದರ ತೊಟ್ಟನ್ನು ಚಿವುಟಲಿಲ್ಲ. ಎಡಗಡೆಗೆ ಇಟ್ಟುಕೊಂಡು ಹೊರಟವರು ತಿರುಗಿ ಸೊಸೆಯನ್ನು ಕಂಡರು.

"ನೋಡ್ಬುಟ್ಯಾ?"

ಅವಳು ತಲೆಯಾಡಿಸಿದಳು.

"ತೊಟ್ಟು ಬುಟ್ರೆ ಭಾರ. ಬ್ಯಾಗ ಜಾರ್ತದೆ. ಹತ್ತರಲ್ಲಿ ಒಂಬತ್ತ ನಾ ಮುಟ್ಟಲ್ಲ ಕಣಮ್ಮಿ, ಅವನ್ಗೇ ಬುಡ್ತೀನಿ. ಒಂದ ಬುಡಕ್ಕಾಗಲ್ಲ. ಆ ಹೆಣ್ಣಿನ ಕತ್ತ ನೋಡ್ದಾ? ಬೆರಳಚ್ಚು ಅಂಗೇ ಅವೆ. ಗಂಡನ ತಾವು ಕಳಿಸ್ಬ್ಯಾಡಿ ಅಂತ ನಾ ಹೇಳುದ್ರೆ ಅವಳವ್ವ ಕೇಳಾಳಾ? ಮಾದಪ್ಪ ಹೇಳುದ್ರೆ ಕೇಳ್ತಾಳೆ."

"ಅದು ಸುಳ್ಳಾಗಲ್ವಾ ಮಾವ?"

ಅವರು ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ನನ್ನ ಕೈಲಿ ಅವನೇ ಮಾಡುಸ್ತಾನೆ ಅನ್ಕತೀನಿ. ಕೆಲವು ದಿನ ಅಂಗೇ ಅನ್ನಿಸ್ತದೆ. ಕೆಲವು ದಿನ ಅನ್ಸಲ್ಲ. ನಿಂಗೊಬ್ಬಳ್ಗೇ ಗೊತ್ತಾಗಿರದು. ಇಲ್ಲೇ ಬುಟ್ಬುಡು."

ಅವಳು ಬಿಟ್ಟುಬಿಟ್ಟಳು. ಬಿಟ್ಟುಬಿಡಲಾಗದ್ದು ಎರಡು ವರ್ಷದ ಮೇಲೆ ಬಂತು. ಹುಚ್ಚಯ್ಯ ಮಗಳ ಸಂಬಂಧಕ್ಕೆ ಹೂ ಕೇಳಿದ. ಹುಡುಗನ ಕಡೆಯವರನ್ನು ಮಾವ ಕಂಡಿದ್ದರು. ಒಳ್ಳೆಯ ಜನ, ಹುಡುಗಿ ಸುಖವಾಗಿರುತ್ತಾಳೆ ಎಂದು ಬಲಗಡೆಯ ಹೂವಿನ ತೊಟ್ಟನ್ನು ಉಳಿಸಿದರು. ಮರುವರ್ಷ ಆ ಹುಡುಗಿಯನ್ನು ಗಂಡನ ಮನೆಯ ಬಾವಿಯಿಂದ ಎತ್ತಿದರು. ಕೆಲವು ದಿನದ ಮೇಲೆ ಒಂದು ಸಂಜೆ ಹುಚ್ಚಯ್ಯ ಗುಡಿಗೆ ಬಂದು ಕಾಯಿ ಒಡೆಸಿಕೊಂಡು ಹೋದ. ಮಾವ ಊಟಕ್ಕೆ ಏಳಲಿಲ್ಲ. ನಾಗರತ್ನ ಮಜ್ಜಿಗೆ ಹಿಡಿದು ನಿಂತಾಗ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ಅಂವ ಮಾದಪ್ಪನ ಬೈಲಿಲ್ಲ. ನನ್ನೂ ಬೈಲಿಲ್ಲ. ಬೈದಿದ್ರೆ ಬದ್ಕತಿದ್ದೆ ಕಣಮ್ಮಿ."

*

ಪಡಸಾಲೆಯಲ್ಲಿ ಶವ ಕೂರಿಸಿ ಒಯ್ಯುವ ವಿಮಾನಕ್ಕೆ ಚೆಂಡುಹೂವಿನ ಸರ ಸುತ್ತುತ್ತಿದ್ದರು. ನಾಗರತ್ನ ನೀರು ತರಲು ಹಿತ್ತಿಲಿಗೆ ಹೋದಳು. ಅವಳ ಹಿಂದೆಯೇ ಸೋಮಶೇಖರ್ ಬಂದ. ಗಂಡನ ಅಣ್ಣ ಅವನು. ಚಾಮರಾಜನಗರದಲ್ಲಿ ರೇಷ್ಮೆ ಇಲಾಖೆಯ ಗುಮಾಸ್ತ. ಮೂರು ದಿನದ ಗಡ್ಡ, ಶರ್ಟಿನ ಗುಂಡಿ ತಪ್ಪಿಸಿ ಹಾಕಿಕೊಂಡಿದ್ದ.

"ನಾಗರತ್ನ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅವತ್ತು ಹೂ ಮುಡಿಸ್ವಾಗ ಮಲ್ಲೇಶ ಏನಾದ್ರೂ ಮಾಡಿದ್ನಾ?"

"ಏನು ಮಾಡ್ತಾರೆ ಭಾವ?"

"ನಂಗೊತ್ತಿಲ್ಲ. ಅದನ್ನೇ ಕೇಳ್ತಿರೋದು. ನಾವಿಬ್ರೂ ಹೊರಗೆ ನಿಂತಿದ್ವಿ. ಅವನ ಬೆನ್ನು ಅಡ್ಡ ಇತ್ತು. ಮನೇಗೆ ತರೋಣ ಅಂತ ಹಟ ಹಿಡಿದೋನು ಅವನೇ." ಅವನು ತಪ್ಪಿದ್ದ ಗುಂಡಿಯನ್ನು ಬೆರಳಿನಿಂದ ತಿರುವಿದ. "ಡಾಕ್ಟ್ರು ಉಳೀಬೋದು ಅಂದಿದ್ರು. ಸೈನ್ ಹಾಕೋಕೆ ಪೆನ್ನು ಕೈಲಿ ಹಿಡಿದಿದ್ದೆ. ಹನ್ನೊಂದು ದಿನದಿಂದ ಅದೇ ಪೆನ್ನು ಕಣ್ಮುಂದೆ ಬರುತ್ತೆ. ದೇವ್ರು ಬೇಡ ಅಂದಿದ್ರೆ ಸರಿ, ತಲೆ ಬಾಗ್ತೀನಿ. ನನ್ನ ತಮ್ಮ ಬೇಡ ಅಂದಿದ್ರೆ?"

"ನಾನು ಹೊರಗಿದ್ದೆ ಭಾವ. ನಂಗೇನೂ ಕಾಣ್ಲಿಲ್ಲ." ಆಡಿದ ಪ್ರತಿಯೊಂದು ಮಾತೂ ನಿಜವಾಗಿತ್ತು. ನಿಜವಾಗಿರುವ ಮಾತುಗಳನ್ನೇ ಆರಿಸಿ ಆಡಿದ್ದಳು.

"ಸರಿ. ಅವನನ್ನೇ ಕೇಳ್ತೀನಿ. ಅಪ್ಪನ ಎತ್ತೋಕೆ ಮೊದಲು ಕೇಳ್ತೀನಿ."

ಕೊಡ ತುಂಬಿ ನೀರು ಹೊರಗೆ ಚೆಲ್ಲುತ್ತಿತ್ತು. ಅವಳಿಗೆ ನಲ್ಲಿ ನಿಲ್ಲಿಸಬೇಕೆಂದು ತೋಚಲಿಲ್ಲ.

*

ಮಾವನಿಗೆ ಮೊದಲ ಸಲ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋದದ್ದು ಹಿಂದಿನ ವರ್ಷ. ಆಮೇಲಿನ ಹದಿನಾಲ್ಕು ತಿಂಗಳು ನಾಗರತ್ನ ಅವರಿಗೆ ತುತ್ತು ತಿನ್ನಿಸಿದಳು, ತೊಳೆದಳು, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿದಳು. ಅವಳ ಸೊಂಟ ಬಗ್ಗಿದರೆ ಏಳುತ್ತಿರಲಿಲ್ಲ. ಎರಡನೇ ಸಲ ಹೊಡೆದಾಗ ಮೈಸೂರಿಗೆ ಒಯ್ದರು. ತಲೆಯ ಆಪರೇಷನ್ ಆದರೆ ಜೀವ ಉಳಿಯಬಹುದು, ಆದರೆ ಮಾತು ಬರಲಿಕ್ಕಿಲ್ಲ, ಏಳಲಿಕ್ಕಿಲ್ಲ, ಗಂಟಲಿಗೆ ನಳಿಗೆ ಹಾಕಿ ಎಷ್ಟು ವರ್ಷವೋ ಹೇಳಲಾಗದು ಎಂದರು ಡಾಕ್ಟರು. ಮರುದಿನ ಸಂಜೆಯೊಳಗೆ ತೀರ್ಮಾನ ಹೇಳಿ ಎಂದರು. ಸೋಮಶೇಖರ್ ಆಗಲಿ ಎಂದ, ಮಲ್ಲೇಶ್ ಮನೆಗೆ ಕರೆದೊಯ್ಯೋಣ ಎಂದ. ಅಣ್ಣತಮ್ಮಂದಿರು ಕಾರಿಡಾರಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದಕ್ಕೇ: ಮಾದಪ್ಪನನ್ನು ಕೇಳುವುದು. ಬಲಕ್ಕೆ ಬಿದ್ದರೆ ಆಪರೇಷನ್, ಎಡಕ್ಕೆ ಬಿದ್ದರೆ ಮನೆ.

ಮರುದಿನ ಬೆಳಿಗ್ಗೆ ಊರಿಗೆ ಬಂದು, ಹೂ ಅಣಿಮಾಡಲು ಅವಳು ಹಿತ್ತಿಲಿಗೆ ಹೋದಳು. ಒಂದು ಹೂ ಕಿತ್ತು ಚಿವುಟಿದಳು. ಎರಡನೆಯದನ್ನು ಕಿತ್ತು ಉಗುರು ಇಟ್ಟಳು. ಉಗುರು ಒತ್ತಲಿಲ್ಲ.

ಮಾವನ ನರಳಾಟ ನೋಡಲಾರದೆ ಹಾಗೆ ಮಾಡಿದೆನೇ? ತನ್ನ ಸೊಂಟಕ್ಕಾಗಿಯೇ? ಆ ಹೊತ್ತಿನಲ್ಲಿ ತನ್ನೊಳಗೆ ಏನಿತ್ತು ಎಂದು ಅವಳು ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಬೆಳಗಿನ ತಂಪು ಮಾತ್ರ ನೆನಪಿತ್ತು. ತೊಟ್ಟು ಉಳಿದ ಹೂವನ್ನು ಎಡಕ್ಕಿಟ್ಟು ತಟ್ಟೆಯನ್ನು ಮಲ್ಲೇಶನ ಕೈಗೆ ಕೊಟ್ಟಳು. ಇಪ್ಪತ್ತು ನಿಮಿಷದ ಮೇಲೆ ಎಡಗಡೆಯ ಹೂ ಬಿತ್ತು. ಸೋಮಶೇಖರ್ ಅಲ್ಲೇ ಕುಸಿದು ಕೂತ.

*

"ಒಂದು ನಿಮಿಷ ತಡೀರಿ," ಎಂದ ಸೋಮಶೇಖರ್. ವಿಮಾನ ತಯಾರಾಗಿತ್ತು. ಎತ್ತಲು ಬಗ್ಗಿದವರು ನಿಂತರು. "ಮಲ್ಲೇಶ, ಅಪ್ಪನ ಪಾದ ಮುಟ್ಟಿ ಹೇಳು. ಅವತ್ತು ಹೂವ ನೀನೇನೂ ಮಾಡ್ಲಿಲ್ಲ ತಾನೇ?"

ತಮಟೆಯವರು ಬಾಗಿಲಾಚೆ ನಿಲ್ಲಿಸಿದರು.

"ಲೋ ಸೋಮ, ನಿಂಗೇನ್ ಬಂದದ್ಲಾ?" ಚಿಕ್ಕಮಲ್ಲಮ್ಮ ಸೆರಗು ಬಿಗಿದು ಎದ್ದಳು. "ಸತ್ತವನ ಮುಂದ್ಗಡೆ ಪಂಚಾಯ್ತಿ ಮಾಡೀಯಾ? ನಾಲ್ಕು ಜನ ನಗಾಡಲ್ವ?"

"ನಗಲಿ ಬಿಡಿ ಅತ್ತೆ. ನಂಗೆ ಗೊತ್ತಾಗ್ಬೇಕು."

ಮಲ್ಲೇಶನ ಮುಖದಿಂದ ಬಣ್ಣ ಇಳಿದುಹೋಯಿತು. ನಾಗರತ್ನ ಒಂದು ಹೆಜ್ಜೆ ಮುಂದಿಟ್ಟಳು. ಈಗ ಹೇಳಬೇಕು. ಹೇಳದಿದ್ದರೆ ಏನೂ ಅರಿಯದ ಗಂಡ ತನ್ನ ತಪ್ಪಿಗೆ ಅಪ್ಪನ ಪಾದ ಮುಟ್ಟುತ್ತಾನೆ. ಹೇಳಿದರೆ? ಬಾಗಿಲಲ್ಲಿ ಬಸವಮ್ಮ ಇದ್ದಳು. ಕಂಬದ ಹತ್ತಿರ ಹುಚ್ಚಯ್ಯ ಇದ್ದ. ಹೂವನ್ನು ಬೀಳಿಸಬಹುದು ಎಂದು ಒಂದು ಸಲ ಬಾಯಿಂದ ಬಂದರೆ, ಆ ಮುದುಕ ಮಗಳ ಮದುವೆಯ ಹೂವನ್ನು ನೆನೆಯದೆ ಇರುತ್ತಾನೆಯೇ? ಅವರಿಗಾಗಿ ಸುಮ್ಮನಿದ್ದೇನೆ ಎಂದುಕೊಂಡಳು. ಅವರಿಗಾಗಿ ಅಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಮಲ್ಲೇಶ್ ಬಗ್ಗಿ ಎರಡೂ ಕೈಯಿಂದ ಅಪ್ಪನ ಪಾದ ಹಿಡಿದ. ಕಣ್ಣು ಮುಚ್ಚಿದ.

"ನಾನು ಏನೂ ಮಾಡಿಲ್ಲ ಅಣ್ಣ."

ಸೋಮಶೇಖರ್ ಒಂದು ಗಳಿಗೆ ನಿಂತು ನೋಡಿದ. ಆಮೇಲೆ ತಮ್ಮನ ಭುಜದ ಮೇಲೆ ಬಿದ್ದು ಹೋ ಎಂದು ಅತ್ತ. "ಹಂಗಾದ್ರೆ ಮಾದಪ್ಪನದೇ. ಅವನದೇ ತೀರ್ಮಾನ." ಅವನ ಅಳುವಿನಲ್ಲಿ ಹನ್ನೊಂದು ದಿನದ ಭಾರ ಇಳಿಯುತ್ತಿದ್ದುದು ಎಲ್ಲರಿಗೂ ಕೇಳಿಸಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ತಮಟೆ ಮತ್ತೆ ಶುರುವಾಯಿತು.

*

ಗುಂಡಿ ತೆಗೆದದ್ದು ಅವರದೇ ಹೊಲದಲ್ಲಿ, ಸೂರ್ಯಕಾಂತಿ ಕುಯ್ದಾದ ಮೂಲೆಯಲ್ಲಿ. ಒಳಗೆ ಕೊರೆದ ಗೂಡಿನಲ್ಲಿ ಶಿವರುದ್ರಸ್ವಾಮಿಯವರನ್ನು ಕೂರಿಸಿದರು. ವಿಧಿ ಮಾಡಿಸುವ ಅಯ್ನೋರು ಕರಡಿಗೆ ಬಿಚ್ಚಿ ಲಿಂಗವನ್ನು ತೆಗೆದು ಎಡಗೈಯ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ವಿಭೂತಿ ಗಟ್ಟಿಗಳೂ ಬಿಲ್ವಪತ್ರೆಯೂ ಎದೆಮಟ್ಟಕ್ಕೆ ತುಂಬಿದವು. ನಾಗರತ್ನ ಬದುವಿನ ಮೇಲೆ ನಿಂತಿದ್ದಳು. ತನ್ನ ಪಾಲಿನ ಮಣ್ಣು ಹಾಕಿ ಬಂದ ಹುಚ್ಚಯ್ಯ ಅವಳ ಪಕ್ಕದಲ್ಲಿ ಕೂತು ಬೀಡಿ ಹಚ್ಚಿದ.

"ಯಾಕವ್ವ ಒಬ್ಬಳೇ ನಿಂತಿದ್ದೀಯ?"

"ಏನಿಲ್ಲ."

"ನೀ ಮಾಡ್ದಂಗೆ ಯಾರು ಮಾಡಾರು? ಇನ್ನೂ ಮಾಡ್ಬೇಕಿತ್ತು ಅಂತ ಕೊರಗ್ಬ್ಯಾಡ." ಹೊಗೆ ಬಿಟ್ಟ. "ನನ್ನ ಮಗಳು ಓದಾಗ ನಂಗೂ ಅಂಗೇ. ನಾ ಯಾಕ ಕೊಟ್ಟೆ, ಯಾಕ ಇನ್ನೊಂದ್ಸಲ ವಿಚಾರ್ಸಲಿಲ್ಲ. ಉಣ್ಣಕ್ ಕುಂತ್ರೆ ತುತ್ತು ಇಳೀತಿರ್ನಿಲ್ಲ. ಆಮ್ಯಾಕೆ ಅನ್ಕಂಡೆ, ಕೊಟ್ಟೋನು ನಾನಲ್ಲ, ಮಾದಪ್ಪ. ಅಂವ ಹೂ ಕೊಟ್ಟ. ನಂದೇನದೆ ಇದ್ರಲ್ಲಿ? ಅವತ್ತು ಸಂಜೆ ಉಂಡೆ ಕಣವ್ವ. ಅದಿಲ್ದೆ ಇದ್ದಿದ್ರೆ ಅದೇ ಬಾವಿಗೆ ನಾನೂ ಬೀಳ್ತಿದ್ದೆ."

ಅವನು ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿ, ಉಳಿದರ್ಧವನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದು ಹೋದ. ಆಚೆ ಗುದ್ದಲಿಗಳು ಮಣ್ಣೆಳೆಯುತ್ತಿದ್ದವು.

*

ಲಿಂಗ ಕಟ್ಟಿದವರಿಗೆ ಸೂತಕವಿಲ್ಲ. ಸಂಜೆ ಮಲ್ಲೇಶ್ ಮಿಂದು ಗುಡಿಯಲ್ಲಿ ದೀಪ ಹಚ್ಚಿ ಬಂದ. ಸೋಮಶೇಖರ್ ಒಳಗೆ ಅತ್ತೆಯ ಜತೆ ಅನ್ನ ಸಾರು ಉಣ್ಣುತ್ತಿದ್ದ. ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ. ನಾಗರತ್ನ ಜಗಲಿಯ ಮೇಲೆ ಚಾಪೆ ಹಾಸುತ್ತಿದ್ದಳು. ಮಲ್ಲೇಶ್ ಬಂದು ಚಾಪೆಯ ತುದಿಯಲ್ಲಿ ಕೂತ.

"ನಾಗು, ಬೆಳಿಗ್ಗೆ ಅಪ್ಪನ ಪಾದ ಹಿಡ್ಕಂಡು ಸುಳ್ಳೇಳ್ಬುಟ್ಟೆ ಕಣೇ."

ಅವಳು ಚಾಪೆ ಬಿಟ್ಟು ನೆಟ್ಟಗೆ ನಿಂತಳು.

"ಹೂವ ಬೀಳುಸ್ಬೋದು. ತೊಟ್ಟು ಬುಟ್ಟಿದ್ರೆ ಬ್ಯಾಗ ಬೀಳ್ತದೆ. ಅಪ್ಪ ನಂಗೊಬ್ನಿಗೇ ಹೇಳ್ಕೊಟ್ಟಿದ್ದ." ಅವನು ಒಳಬಾಗಿಲತ್ತ ನೋಡಿ ದನಿ ತಗ್ಗಿಸಿದ. "ಅವತ್ತು ಗುಡಿ ಒಳಕ್ಕೋಗಿ ತಟ್ಟೆ ನೋಡ್ತೀನಿ, ಎಡಗಡೆ ಹೂವ್ಗೆ ಉದ್ದಕ್ಕೆ ತೊಟ್ಟದೆ. ಅಂಗೇ ಮುಡಿಸಿದ್ರೆ ಎಡಕ್ಕೇ ಬೀಳದು. ಅಪ್ಪ ಓದ ಅಂತ್ಲೇ ಲೆಕ್ಕ. ಕೈಕಾಲೇ ಆಡ್ನಿಲ್ಲ."

"ಮನೇಗೆ ತರನ ಅಂದೋರು ನೀವೇ ಅಲ್ವಾ?" ಅವಳ ದನಿ ಅವಳಿಗೇ ದೂರದಿಂದ ಬಂದಂತಿತ್ತು.

"ಬಾಯಲ್ಲಿ ಅಂದೆ. ಹದಿನಾಲ್ಕು ತಿಂಗ್ಳು ನೀ ಸವೆದದ್ದ ನೋಡಿ ಅಂದೆ. ಅಲ್ಲಿ ನಿಂತ್ಕಂಡಾಗ ನಮ್ಮಪ್ಪ ಅಲ್ವ ಅನ್ನುಸ್ತು. ಎರಡ್ನೂ ಅದಲು ಬದಲು ಮಾಡ್ಬುಟ್ಟೆ. ತೊಟ್ಟಿರೋ ಹೂವ ಬಲಕ್ಕೆ ಮಡಗ್ದೆ, ತೊಟ್ಟು ಚಿವುಟಿರೋ ಹೂವ ಎಡಕ್ಕೆ. ಬಲಕ್ಕೇ ಬೀಳ್ಬೇಕಿತ್ತು, ಅಲ್ವಾ? ಇಪ್ಪತ್ತು ನಿಮಿಷ ಕಾದೆ. ತೊಟ್ಟಿರೋ ಹೂವು ಅಂಗೇ ಅಂಟ್ಕಂಡಿತ್ತು. ತೊಟ್ಟೇ ಇಲ್ದ ಹೂವು ಎಡಗಡೆಯಿಂದ ಬಿತ್ತು."

ಹಿತ್ತಿಲಲ್ಲಿ ಯಾರೋ ಪಾತ್ರೆ ಉಜ್ಜುತ್ತಿದ್ದರು. ನಾಗರತ್ನ ಕಂಬಕ್ಕೆ ಬೆನ್ನು ಕೊಟ್ಟಳು.

"ಅಪ್ಪನ ಹೂವಾಟ ಗೊತ್ತಾದ ಮ್ಯಾಲೆ ಮಾದಪ್ಪ ಇಲ್ಲ, ಇರದು ಬರೀ ಕಲ್ಲು ಅನ್ಕಂಡೇ ಕೈ ಮುಗೀತಿದ್ದೆ ನಾನು," ಎಂದ ಮಲ್ಲೇಶ್. ಅವನ ಕಣ್ಣು ಒದ್ದೆಯಾಗಿ ಹೊಳೆಯುತ್ತಿತ್ತು. "ನಾ ಬಲಕ್ಕೆ ತಳ್ಳುದ್ರೂ ಎಡಕ್ಕೆ ಕೊಟ್ಟನಲ್ಲೇ. ಮಾದಪ್ಪ ಅವ್ನೆ ಕಣೇ, ಇಲ್ದೆ ಇಲ್ಲ. ನಾವೇನ್ ಮಾಡುದ್ರೂ ಅವ್ನು ಅವ್ನೆ." ಅವನು ಎದೆಯಿಂದ ಉಸಿರು ಬಿಟ್ಟ. ಆಮೇಲೆ ಏನೋ ನೆನಪಾದವನಂತೆ ಅವಳ ಮುಖ ನೋಡಿದ. "ನೀನು ಅವಸರದಲ್ಲಿ ತೊಟ್ಟು ಚಿವುಟದ ಮರ್ತಿದ್ದೆ. ಅಲ್ವಾ?"

"ಹೂಂ," ಎಂದಳು ನಾಗರತ್ನ. "ಮರ್ತಿದ್ದೆ."

"ಅಣ್ಣನ್ಗೆ ಹೇಳ್ಬುಡ್ಲಾ?"

"ಬೇಡ. ಉಣ್ತಾ ಅವ್ರೆ."

ಅವನು ತಲೆಯಾಡಿಸಿ ಅಲ್ಲೇ ಉರುಳಿಕೊಂಡ. ಎರಡು ಮಾತಿನ ಹೊತ್ತಿನೊಳಗೆ ನಿದ್ದೆ ಹೋದ. ಎಷ್ಟೋ ದಿನದ ಮೇಲಿನ ನಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು, ಅಂಗೈ ಮೇಲಾಗಿ ಸಡಿಲವಾಗಿ ಬಿದ್ದಿತ್ತು.

ನಾಗರತ್ನ ಅವನ ತಲೆಯ ಹತ್ತಿರ ಕೂತಳು. ಅವಳು ಬೀಳಲೆಂದು ಇಟ್ಟ ಹೂ ಬಿದ್ದಿರಲಿಲ್ಲ. ಹನ್ನೊಂದು ರಾತ್ರಿ ತನ್ನದೆಂದು ಹೊತ್ತ ತಪ್ಪು ಅವಳ ಕೈಯ ಕೆಲಸವಾಗಿರಲಿಲ್ಲ. ಆದರೂ ಆ ಬೆಳಿಗ್ಗೆ ಉಗುರು ಒತ್ತದೆ ಬಿಟ್ಟ ಕೈ ಇದೇ. ತಿರುಗಿಸಿ ನೋಡಿಕೊಂಡಳು. ಗಾಳಿ ಬೀಳಿಸಿದ್ದರೆ, ಅದಕ್ಕೆ ಯಾರ ಪಾದ ಹಿಡಿಯಬೇಕು? ಮಾದಪ್ಪನೇ ಬೀಳಿಸಿದ್ದರೆ, ಗಂಡನ ಮಾತು ತಳ್ಳಿ ಅವಳ ಮಾತು ನಡೆಸಿಕೊಟ್ಟಿದ್ದ. ಅವಳು ಕೇಳಿದ್ದನ್ನೇ ಕೊಟ್ಟಿದ್ದ. ಅಂಥವನ ಮುಂದೆ ನಾಳೆ ಬೆಳಿಗ್ಗೆ ಹೂ ಹಿಡಿದು ಹೋಗಿ ನಿಲ್ಲಬೇಕು. ಬೈಯುವವರು ಯಾರೂ ಇರಲಿಲ್ಲ. ಒಪ್ಪಿಸಿಕೊಳ್ಳೋಣವೆಂದರೆ ಒಪ್ಪಿಸಲು ತಪ್ಪೂ ಪೂರ್ತಿ ಅವಳದಾಗಿ ಉಳಿದಿರಲಿಲ್ಲ.

ಅವಳು ಹೇಳಿದರೆ ಈ ನಿದ್ದೆ ಒಡೆಯುತ್ತದೆ. ಒಳಗಿನ ಊಟ ನಿಲ್ಲುತ್ತದೆ. ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದಳು. ಗಂಡನಿಗಿಲ್ಲ, ಭಾವನಿಗಿಲ್ಲ, ಬಾಗಿಲು ಹಾಕಿಕೊಂಡು ಒಬ್ಬಳೇ ಇರುವಾಗ ದೇವರಿಗೂ ಇಲ್ಲ.

ಬೀದಿಯಲ್ಲಿ ಆಟೋ ನಿಂತಿತು. ಬೇಗೂರು ಕಡೆಯ ಇಬ್ಬರು, ಗಂಡ ಹೆಂಡತಿ, ಕಾಯಿ ಬಾಳೆಹಣ್ಣಿನ ಚೀಲ ಹಿಡಿದು ಮೆಟ್ಟಿಲ ಬಳಿ ಬಂದರು. ಹೆಂಗಸಿನ ಕಣ್ಣು ಅತ್ತು ಊದಿತ್ತು. ಸಾವಿನ ಮನೆ ಎಂದು ಅವರಿಗೆ ಗೊತ್ತಿದ್ದಂತಿರಲಿಲ್ಲ.

"ತಮ್ಮಡಿಯೋರು ಅವ್ರಾ ಅಕ್ಕ?" ಎಂದ ಗಂಡಸು ಗಟ್ಟಿಯಾಗಿ.

ಮಲ್ಲೇಶ್ ನಿದ್ದೆಯಲ್ಲಿ ಸ್ವಲ್ಪ ಮಿಸುಕಿದ. ನಾಗರತ್ನ ಬೆರಳನ್ನು ತುಟಿಯ ಮೇಲಿಟ್ಟು ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದಳು. ಬಂದವರು ತಲೆಯಾಡಿಸಿ, ಚೀಲ ಕೆಳಗಿಟ್ಟು, ಮೆಟ್ಟಿಲ ಮೇಲೆ ಕಾಯುತ್ತ ಕೂತರು. ಅವಳು ಬೆರಳು ತೆಗೆಯಲಿಲ್ಲ.